ಜಾಹೀರಾತು ಅರ್ಧಕ್ಕೇ ನಿಲ್ಲಿಸಿದ ಮಾತು: ಅಡಗಿದ ಸಂದೇಶವನ್ನು ಬಿಡಿಸಿ ನೋಡುವ ಬಗೆ

ಜಾಹೀರಾತಿನಲ್ಲಿ ಅಡಗಿದ ಸಂದೇಶ ಎಂದೊಡನೆ ಬಹಳ ಮಂದಿಗೆ ನೆನಪಾಗುವುದು ಸಿನಿಮಾ ಪರದೆಯ ಮೇಲೆ ಮಿಂಚಿ ಮಾಯವಾಗುವ ಅಕ್ಷರಗಳ ಕಥೆ. ಅದು ಹುಟ್ಟಿದ್ದು 1957ರಲ್ಲಿ. ಜೇಮ್ಸ್ ವಿಕರಿ ಎಂಬ ಮಾರುಕಟ್ಟೆ ಸಂಶೋಧಕ ಅಮೆರಿಕದ ನ್ಯೂಜೆರ್ಸಿಯ ಫೋರ್ಟ್ ಲೀಯಲ್ಲಿರುವ ಚಿತ್ರಮಂದಿರವೊಂದರಲ್ಲಿ ‘ಕೋಕ ಕೋಲಾ ಕುಡಿಯಿರಿ’, ‘ಪಾಪ್‌ಕಾರ್ನ್ ತಿನ್ನಿ’ ಎಂಬ ಸಾಲುಗಳನ್ನು ಐದು ಸೆಕೆಂಡಿಗೊಮ್ಮೆ, ಸೆಕೆಂಡಿನ 3,000ದಲ್ಲಿ ಒಂದು ಭಾಗದಷ್ಟು ಹೊತ್ತು ತೋರಿಸಿದ್ದಾಗಿ ಹೇಳಿಕೊಂಡ. ಕೋಲಾ ಮಾರಾಟ 18.1%, ಪಾಪ್‌ಕಾರ್ನ್ ಮಾರಾಟ 57%ಕ್ಕೂ ಹೆಚ್ಚು ಏರಿತು ಎಂದ. ಜನ ಬೆಚ್ಚಿಬಿದ್ದರು. 1962ರಲ್ಲಿ ಅದೇ ವಿಕರಿ, ತನ್ನ ಬಳಿ ಇದ್ದ ಮಾಹಿತಿ ಏನನ್ನೂ ಸಾಬೀತು ಮಾಡಲಾಗದಷ್ಟು ಕಡಿಮೆ, ಅದೊಂದು ಗಿಮಿಕ್ ಆಗಿತ್ತು ಎಂದು ಒಪ್ಪಿಕೊಂಡ. ಕಥೆ ಮಾತ್ರ ಇಂದಿಗೂ ಓಡಾಡುತ್ತಿದೆ.

ನಡುವೆ 1958ರಲ್ಲಿ ಕೆನಡಾದ ಸರ್ಕಾರಿ ಟಿವಿ ಸಂಸ್ಥೆ ಸಿಬಿಸಿ ಇದನ್ನು ಪರೀಕ್ಷೆಗೆ ಒಡ್ಡಿತು. ಅರ್ಧ ಗಂಟೆಯ ಕಾರ್ಯಕ್ರಮದಲ್ಲಿ ‘ಈಗಲೇ ಫೋನ್ ಮಾಡಿ’ ಎಂಬ ಸಂದೇಶವನ್ನು 352 ಬಾರಿ ಮಿಂಚಿಸಿತು. ಫೋನ್ ಕರೆಗಳು ಏರಲಿಲ್ಲ. ಏನೋ ಒಂದು ಸಂದೇಶ ಇತ್ತು ಎಂದಷ್ಟೇ ಗೊತ್ತಿದ್ದ ನೋಡುಗರಲ್ಲಿ ಹಲವರು ತಮಗೆ ಹಸಿವು, ಬಾಯಾರಿಕೆ ಆಯಿತೆಂದು ಬರೆದರು. ಸಂದೇಶ ಯಾರ ತಲೆಗೂ ಹೋಗಿರಲಿಲ್ಲ. ವಿಕರಿಯ ಕಥೆ ಎಲ್ಲರ ತಲೆಯಲ್ಲಿತ್ತು.

ಹಾಗೆಂದು ಕ್ಷಣಾರ್ಧದ ಮಿಂಚು ಪೂರ್ತಿ ನಿಷ್ಫಲ ಎನ್ನಲಾಗದು. ನೆದರ್‌ಲ್ಯಾಂಡ್ಸ್‌ನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪಾನೀಯವೊಂದರ ಹೆಸರನ್ನು ಹೀಗೆ ಮಿಂಚಿಸಿದಾಗ ಅದನ್ನು ಆರಿಸಿಕೊಂಡವರ ಸಂಖ್ಯೆ ಹೆಚ್ಚಿತು. ಆದರೆ ಮೊದಲೇ ಬಾಯಾರಿದ್ದವರಲ್ಲಿ ಮಾತ್ರ. ಅಂದರೆ ಇದ್ದ ಆಸೆಗೆ ಒಂದು ದಿಕ್ಕು ತೋರಿಸಿತು, ಇಲ್ಲದ ಆಸೆಯನ್ನು ಹುಟ್ಟಿಸಲಿಲ್ಲ.

ಜಾಹೀರಾತಿನವರಿಗೆ ಇಷ್ಟು ಕಷ್ಟಪಡುವ ಅಗತ್ಯವೂ ಇಲ್ಲ. ಅವರು ಅರ್ಧ ಮಾತು ಆಡಿ ನಿಲ್ಲಿಸುತ್ತಾರೆ, ಉಳಿದರ್ಧವನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. ತಾನೇ ಕಟ್ಟಿಕೊಂಡ ತೀರ್ಮಾನವನ್ನು ಯಾರೂ ಅನುಮಾನಿಸುವುದಿಲ್ಲ. ಮಾರುವವರಿಗೋ ‘ನಾವು ಹಾಗೆ ಹೇಳಲೇ ಇಲ್ಲ’ ಎನ್ನುವ ಅನುಕೂಲ. ನಿಜವಾದ ಗುಪ್ತ ಸಂದೇಶ ಇರುವುದು ಆ ಖಾಲಿ ಜಾಗದಲ್ಲಿ. ಅದನ್ನು ಹೊರಗೆಳೆಯಲು ಒಂದು ಕ್ರಮವಿದೆ.

ಮೊದಲು ಬೇಕಾದದ್ದು

ಸುಮಾರು 30 ಸೆಕೆಂಡಿನ ಒಂದು ವಿಡಿಯೊ ಜಾಹೀರಾತು, ಕಾಗದ, ಪೆನ್ನು, ಯಾರೂ ಕರೆಯದ ಅರ್ಧ ಗಂಟೆ. ಮುದ್ರಿತ ಜಾಹೀರಾತಾದರೂ ಆದೀತು, ಆಗ ಶಬ್ದದ ಹಂತ ಬಿಟ್ಟುಹೋಗುತ್ತದೆ. ನಿಮಗೆ ಸಿಟ್ಟು ಬರಿಸುವ ಜಾಹೀರಾತನ್ನು ಆರಿಸಬೇಡಿ. ಅದರ ತಪ್ಪು ಹುಡುಕುವುದು ಸುಲಭ, ಅದರಿಂದ ಕಲಿಯುವುದೂ ಕಡಿಮೆ. ನಿಮಗೆ ಇಷ್ಟವಾದದ್ದನ್ನೇ ತೆಗೆದುಕೊಳ್ಳಿ. ಕಾಗದದ ಮೇಲೆ ಉದ್ದಕ್ಕೆ ಎರಡು ಗೆರೆ ಎಳೆದು ಮೂರು ಅಂಕಣ ಮಾಡಿ: ‘ಹೇಳಿದ್ದು’, ‘ತೋರಿಸಿದ್ದು’, ‘ನನಗೆ ಅನಿಸಿದ್ದು’.

ಒಂದು: ಮೊದಲ ಅನಿಸಿಕೆ ಬರೆದಿಡಿ

ಒಮ್ಮೆ ನೋಡಿ, ನಿಲ್ಲಿಸಿ, ಮೂರನೆಯ ಅಂಕಣದಲ್ಲಿ ಮೂರು ನಾಲ್ಕು ಸಾಲು ಬರೆಯಿರಿ. ಈ ವಸ್ತು ಏನು ಮಾಡುತ್ತದೆ? ಯಾರಿಗೆ? ಎಷ್ಟು ಬೇಗ? ಯೋಚಿಸಿ ತಿದ್ದಬೇಡಿ. ಬಹುತೇಕರು ಎಡವುವುದು ಇಲ್ಲೇ: ಬಿಡಿಸಿ ನೋಡಿದ ಮೇಲೆ ‘ನನಗೆ ಮೊದಲೇ ಹೊಳೆದಿತ್ತು’ ಎಂದುಕೊಳ್ಳುತ್ತಾರೆ. ಬರೆದಿಟ್ಟ ಕಾಗದದ ಮುಂದೆ ಹಾಗೆ ಜಾರಿಕೊಳ್ಳಲಾಗುವುದಿಲ್ಲ.

ಎರಡು: ಶಬ್ದ ತೆಗೆದು ನೋಡಿ, ಚಿತ್ರ ತೆಗೆದು ಕೇಳಿ

ಮ್ಯೂಟ್ ಮಾಡಿ ಒಮ್ಮೆ ನೋಡಿ. ಸಂಗೀತ ಹೋದೊಡನೆ ಹಲವು ಜಾಹೀರಾತುಗಳು ಪೆಚ್ಚಾಗುತ್ತವೆ. ಕಣ್ಣು ತುಂಬಿಸಿದ್ದ ದೃಶ್ಯದಲ್ಲಿ ಬರಿಯ ಇಬ್ಬರು ಬಾಗಿಲಲ್ಲಿ ನಿಂತಿರುತ್ತಾರೆ, ಅಷ್ಟೆ. ಆ ಭಾವ ವಸ್ತುವಿನದಲ್ಲ, ರಾಗದ್ದು ಎಂದು ಎರಡನೆಯ ಅಂಕಣದಲ್ಲಿ ಬರೆದುಕೊಳ್ಳಿ.

ಸಂಗೀತದ ಕೈಚಳಕಕ್ಕೆ ಒಳ್ಳೆಯ ಸಾಕ್ಷಿ ಬ್ರಿಟನ್ನಿನ ಸೂಪರ್‌ಮಾರ್ಕೆಟ್ ಒಂದರಲ್ಲಿ ನಡೆದು 1997ರಲ್ಲಿ ಪ್ರಕಟವಾದ ಪ್ರಯೋಗ. ವೈನ್ ಕಪಾಟಿನ ಬಳಿ ಒಂದು ದಿನ ಫ್ರೆಂಚ್ ಸಂಗೀತ, ಮರುದಿನ ಜರ್ಮನ್ ಸಂಗೀತ ಹಾಕಿದರು. ಫ್ರೆಂಚ್ ಸಂಗೀತವಿದ್ದ ದಿನ ಫ್ರೆಂಚ್ ವೈನ್, ಜರ್ಮನ್ ಸಂಗೀತವಿದ್ದ ದಿನ ಜರ್ಮನ್ ವೈನ್ ಹೆಚ್ಚು ಖರ್ಚಾಯಿತು. ಆಯ್ಕೆಗೆ ಸಂಗೀತ ಕಾರಣ ಎಂದು ಒಪ್ಪಿಕೊಂಡ ಗ್ರಾಹಕರು ಬೆರಳೆಣಿಕೆಯಷ್ಟು. ಸಂಗೀತ ಎಲ್ಲರ ಕಿವಿಗೂ ಬಿದ್ದಿತ್ತು; ಅದು ಕೈಯನ್ನು ಎತ್ತ ಎಳೆಯಿತು ಎಂಬುದು ಮಾತ್ರ ಬಹುತೇಕರಿಗೆ ತಿಳಿಯಲಿಲ್ಲ.

ಈಗ ಪರದೆಗೆ ಬೆನ್ನು ಹಾಕಿ ಮಾತು ಮಾತ್ರ ಕೇಳಿ, ಪದ ಬಿಡದೆ ಮೊದಲ ಅಂಕಣಕ್ಕೆ ಇಳಿಸಿಕೊಳ್ಳಿ. 30 ಸೆಕೆಂಡಿನ ಮಾತು ಕಾಗದದ ಮೇಲೆ ಕೆಲವೇ ಸಾಲು. ಓದಿದರೆ ಆಶ್ಚರ್ಯವಾಗುತ್ತದೆ: ನೀವು ಮೂರನೆಯ ಅಂಕಣದಲ್ಲಿ ಬರೆದ ಸಂಗತಿಗಳಲ್ಲಿ ಅರ್ಧಕ್ಕರ್ಧ ಇಲ್ಲಿ ಇರುವುದೇ ಇಲ್ಲ.

ಮೂರು: ನುಣುಚು ಪದಗಳಿಗೆ ಗೆರೆ ಎಳೆಯಿರಿ

ಇದಕ್ಕೆ ಹೆಚ್ಚು ಹೊತ್ತು ಕೊಡಬೇಕು. ಜಾಹೀರಾತಿನ ಭಾಷೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಬೆಳಕು ಎರಡೂ ಕಡೆ ಬೀಳುತ್ತದೆ, ಯಾವ ಕಡೆಯದೆಂದು ಯಾರೂ ಹಿಡಿಯಲಾರರು. ಹುಡುಕಬೇಕಾದ ಪದಗಳು ಇವು.

‘ನೆರವಾಗುತ್ತದೆ’, ‘ಸಹಕಾರಿ’. ಕೂದಲು ಉದುರುವುದನ್ನು ತಡೆಯಲು ನೆರವಾಗುತ್ತದೆ ಎಂದರೆ ತಡೆಯುತ್ತದೆ ಎಂದಲ್ಲ. ಎಳ್ಳಷ್ಟು ನೆರವಾದರೂ ವಾಕ್ಯ ಸುಳ್ಳಾಗುವುದಿಲ್ಲ.

‘ವರೆಗೆ’. ‘50%ವರೆಗೆ ರಿಯಾಯಿತಿ’ ಎಂಬ ಮಾತು ನಿಲ್ಲಲು ಇಡೀ ಅಂಗಡಿಯಲ್ಲಿ ಒಂದೇ ಒಂದು ವಸ್ತುವಿಗೆ 50% ಇಳಿಸಿದ್ದರೂ ಸಾಕು ಎಂಬಂತಿರುತ್ತದೆ. ‘ರಿಂದ ಆರಂಭ’ ಎಂಬುದು ಇದರದೇ ಅವಳಿ.

‘ಹೆಚ್ಚು’. ಹೆಚ್ಚು ಬಿಳುಪು, ಹೆಚ್ಚು ಬಲ. ಯಾವುದಕ್ಕಿಂತ? ಹೋಲಿಕೆಯ ಇನ್ನೊಂದು ತುದಿ ಇಲ್ಲದಿದ್ದರೆ ಅದು ಹೋಲಿಕೆಯೇ ಅಲ್ಲ. ಹಲವು ಸಲ ಸಣ್ಣಕ್ಷರದಲ್ಲಿ ಉತ್ತರ ಇರುತ್ತದೆ: ‘ನಮ್ಮದೇ ಹಳೆಯ ಉತ್ಪನ್ನಕ್ಕಿಂತ’ ಅಥವಾ ‘ಬರಿಯ ನೀರಿಗಿಂತ’.

‘ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ’. ಇದೇ ಎಲ್ಲಕ್ಕಿಂತ ಮೇಲು ಎಂದು ಕೇಳಿಸುತ್ತದೆ. ಎಲ್ಲ ಬ್ರ್ಯಾಂಡುಗಳೂ ಒಂದೇ ತೂಕದವು ಎಂದಿದ್ದರೂ ವಾಕ್ಯ ಸರಿಯಾಗಿಯೇ ಇರುತ್ತದೆ.

‘ನೈಸರ್ಗಿಕ ಅಂಶಗಳಿಂದ ಕೂಡಿದ’. ಎಷ್ಟು ಅಂಶ? ಪದಾರ್ಥಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಹೆಚ್ಚು ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ಮುಂಬದಿಯ ಚಿತ್ರದಲ್ಲಿ ತುಂಬಿಕೊಂಡ ಹಣ್ಣು ಹಿಂಬದಿಯ ಪಟ್ಟಿಯಲ್ಲಿ ಎಷ್ಟನೆಯ ಸ್ಥಾನದಲ್ಲಿದೆ ಎಂದು ಎಣಿಸಿ.

ಗೆರೆ ಎಳೆದ ಪದಗಳನ್ನು ಅಳಿಸಿ ವಾಕ್ಯವನ್ನು ಮತ್ತೆ ಬರೆಯಿರಿ. ಹಾಗೆ ಬರೆದ ನೇರ ವಾಕ್ಯವನ್ನು ಮಾರುವವರು ಯಾಕೆ ಬಳಸಲಿಲ್ಲ ಎಂದು ಕೇಳಿಕೊಳ್ಳಿ. ಬಳಸಲು ಸಾಧ್ಯವಿದ್ದರೆ ಬಳಸಿಯೇ ಬಳಸುತ್ತಿದ್ದರು.

ಮಾತು ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದಕ್ಕೆ ಲಿಸ್ಟರಿನ್ ಪ್ರಕರಣ ಸಾಕು. ಬಾಯಿ ಮುಕ್ಕಳಿಸುವ ಆ ದ್ರಾವಣ ನೆಗಡಿ, ಗಂಟಲು ನೋವನ್ನೂ ತಡೆಯುತ್ತದೆಂಬ ಪ್ರಚಾರ ದಶಕಗಳ ಕಾಲ ನಡೆದಿತ್ತು. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 1975ರಲ್ಲಿ, ಅದು ನೆಗಡಿಯನ್ನಾಗಲಿ ಗಂಟಲು ನೋವನ್ನಾಗಲಿ ತಡೆಯುವುದಿಲ್ಲವೆಂದು ಕಂಪನಿಯ ಜಾಹೀರಾತೇ ಹೇಳಬೇಕೆಂದು ಆದೇಶಿಸಿತು. ಸುಮಾರು 1 ಕೋಟಿ ಡಾಲರ್ ಮೊತ್ತದ ಜಾಹೀರಾತುಗಳಲ್ಲಿ ಆ ತಿದ್ದುಪಡಿ ಬಂತು. ಆಮೇಲೂ ಹಳೆಯ ನಂಬಿಕೆ ಬಹಳ ಮಂದಿಯಲ್ಲಿ ಹಾಗೇ ಉಳಿದಿತ್ತು. ಪದೇ ಪದೇ ಕೇಳಿದ ಮಾತು ನಿಜವೆನಿಸುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು 1977ರಲ್ಲೇ ಪ್ರಯೋಗದಿಂದ ತೋರಿಸಿದ್ದಾರೆ. ಒಮ್ಮೆ ಬೇರು ಬಿಟ್ಟದ್ದನ್ನು ಕೀಳುವುದಕ್ಕೆ ಅಷ್ಟೇ ಸಲದ ಎದುರು ಮಾತೂ ಸಾಲದು.

ನಾಲ್ಕು: ಅಂಕಿಗಳನ್ನು ಕೈಯಲ್ಲಿ ಲೆಕ್ಕ ಹಾಕಿ

‘99.9% ಕೀಟಾಣು ನಾಶ’: ಹತ್ತು ಲಕ್ಷ ಬ್ಯಾಕ್ಟೀರಿಯಾ ಇದ್ದ ಕಡೆ ಸಾವಿರ ಉಳಿಯುತ್ತವೆ. ಜೊತೆಗೆ ಆ ಅಂಕಿ ಪ್ರಯೋಗಾಲಯದಲ್ಲಿ, ಗೊತ್ತಾದ ಕೆಲವು ಜಾತಿಗಳ ಮೇಲೆ, ಗೊತ್ತಾದ ನಿಮಿಷಗಳ ಕಾಲ ಹಚ್ಚಿಟ್ಟಾಗ ಬಂದದ್ದು. ಹಚ್ಚಿದೊಡನೆ ಒರೆಸಿದರೆ ಆ ಫಲಿತಾಂಶ ಬರುವುದಿಲ್ಲ. ಎಷ್ಟು ಹೊತ್ತು ಬಿಡಬೇಕೆಂದು ಡಬ್ಬಿಯ ಹಿಂಬದಿಯಲ್ಲಿ ಇರುತ್ತದೆ.

‘ಅಪಾಯ 50% ಕಡಿಮೆ’: ಸಾವಿರಕ್ಕೆ ಇಬ್ಬರಿಗೆ ಬರುತ್ತಿದ್ದುದು ಒಬ್ಬರಿಗೆ ಇಳಿದರೂ 50%, ಸಾವಿರಕ್ಕೆ 400 ಇದ್ದುದು 200 ಆದರೂ 50%. ಮೊದಲು ಎಷ್ಟಿತ್ತು ಎಂದು ತಿಳಿಯದೆ ಈ ಅಂಕಿಗೆ ಬೆಲೆಯಿಲ್ಲ.

‘20% ಜೊತೆಗೆ ಇನ್ನೂ 20% ರಿಯಾಯಿತಿ’: 40 ಅಲ್ಲ, 36. ಎರಡನೆಯ 20% ಕಳೆಯುವುದು ಉಳಿದ 80ರ ಮೇಲೆ. ‘ಎರಡು ಕೊಂಡರೆ ಒಂದು ಉಚಿತ’ ಎಂಬುದು ತಲಾ 33.3% ಇಳಿಕೆ, ಅದೂ ಮೂರು ಬೇಕಿದ್ದರೆ ಮಾತ್ರ. ‘50% ಹೆಚ್ಚುವರಿ’ ಎಂಬುದೂ 33.3% ಬೆಲೆ ಇಳಿಕೆಗೆ ಸಮ. ಆದರೆ 50 ಎಂಬ ಅಂಕಿ ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಆರಿಸಿದ್ದೂ ಅದಕ್ಕೇ.

ನಕ್ಷೆಗಳಿದ್ದರೆ ಎಡಗಡೆಯ ಅಳತೆ ಸೊನ್ನೆಯಿಂದ ಶುರುವಾಗಿದೆಯೇ ನೋಡಿ. 92 ಮತ್ತು 96 ಎಂಬ ಎರಡು ಕಂಬಗಳನ್ನು 90ರಿಂದ ಎತ್ತಿ ನಿಲ್ಲಿಸಿದರೆ ಒಂದರ ಎತ್ತರ 2, ಇನ್ನೊಂದರದು 6. ಸುಮಾರು 4%ದ ವ್ಯತ್ಯಾಸ ಮೂರು ಪಟ್ಟಿನಂತೆ ಕಾಣುತ್ತದೆ. ಒಂದಂಕಿಯೂ ಸುಳ್ಳಲ್ಲ!

ಸಮೀಕ್ಷೆಯ ಅಂಕಿ ಬಂದಾಗ ಕೇಳಿದ ಪ್ರಶ್ನೆ ಯಾವುದು ಎಂದು ಹುಡುಕಿ. ‘80%ಕ್ಕೂ ಹೆಚ್ಚು ದಂತವೈದ್ಯರು ಶಿಫಾರಸು ಮಾಡುತ್ತಾರೆ’ ಎಂಬ ಕೋಲ್ಗೇಟ್ ಜಾಹೀರಾತು ದಾರಿ ತಪ್ಪಿಸುವಂಥದ್ದು ಎಂದು ಬ್ರಿಟನ್ನಿನ ಜಾಹೀರಾತು ಮಾನದಂಡ ಪ್ರಾಧಿಕಾರ 2007ರಲ್ಲಿ ತೀರ್ಪಿತ್ತಿತು. ಸಮೀಕ್ಷೆಯಲ್ಲಿ ವೈದ್ಯರು ಒಂದಕ್ಕಿಂತ ಹೆಚ್ಚು ಬ್ರ್ಯಾಂಡ್ ಹೆಸರಿಸಬಹುದಿತ್ತು. ಇನ್ನೊಂದು ಕಂಪನಿಯ ಹೆಸರೂ ಹೆಚ್ಚು ಕಡಿಮೆ ಅಷ್ಟೇ ಸಲ ಬಂದಿತ್ತು. ಓದುವವರು ಮಾತ್ರ ‘ಉಳಿದವುಗಳನ್ನು ಬಿಟ್ಟು ಇದನ್ನೇ’ ಎಂದು ತುಂಬಿಕೊಳ್ಳುತ್ತಿದ್ದರು. ಖಾಲಿ ಜಾಗಕ್ಕೆ ಇದಕ್ಕಿಂತ ಸ್ವಚ್ಛವಾದ ಉದಾಹರಣೆ ಸಿಗುವುದು ಕಷ್ಟ.

ಐದು: ಬೆಲೆಯ ಸುತ್ತಮುತ್ತ ಕಣ್ಣಾಡಿಸಿ

ಬೆಲೆ ಒಂದೇ ಒಂಟಿಯಾಗಿ ನಿಲ್ಲುವುದು ಅಪರೂಪ. ಪಕ್ಕದಲ್ಲಿ ಅಡ್ಡಗೆರೆ ಎಳೆದ ದೊಡ್ಡ ಅಂಕಿ ಇರುತ್ತದೆ. ಆ ಬೆಲೆಗೆ ಅದು ಎಂದಾದರೂ ಮಾರಾಟವಾಗಿತ್ತೇ ಎಂಬ ಪ್ರಶ್ನೆಗೆ ಮೊದಲೇ ಮನಸ್ಸು ಅದನ್ನು ಅಳತೆಗೋಲು ಮಾಡಿಕೊಂಡಿರುತ್ತದೆ. ಮನಶ್ಶಾಸ್ತ್ರಜ್ಞರಾದ ಟ್ವೆರ್ಸ್ಕಿ ಮತ್ತು ಕಾನೆಮನ್ 1974ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಅಂಕಿಗಳ ಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳ ಪಾಲು ಶೇಕಡಾ ಎಷ್ಟೆಂದು ಊಹಿಸಲು ಹೇಳಿದ್ದರು. ಚಕ್ರ 10ಕ್ಕೆ ನಿಂತಾಗ ಊಹೆಗಳ ಮಧ್ಯಾಂಕ 25, 65ಕ್ಕೆ ನಿಂತಾಗ 45. ಏನೂ ಸಂಬಂಧವಿಲ್ಲದ ಚಕ್ರದ ಅಂಕಿಯೇ ಇಷ್ಟು ಎಳೆಯಬಲ್ಲದಾದರೆ, ಅದೇ ವಸ್ತುವಿನ ‘ಹಳೆಯ ಬೆಲೆ’ ಸುಮ್ಮನಿದ್ದೀತೆ? ಆದ್ದರಿಂದ ಅಡ್ಡಗೆರೆಯ ಅಂಕಿಯನ್ನು ಬೆರಳಿನಿಂದ ಮುಚ್ಚಿ ಉಳಿದ ಬೆಲೆಯನ್ನಷ್ಟೇ ನೋಡಿ. ಈ ವಸ್ತುವಿಗೆ ನಾನು ಎಷ್ಟು ಕೊಡಬಲ್ಲೆ ಎಂದು ಬೆಲೆ ನೋಡುವ ಮೊದಲೇ ಬರೆದಿಟ್ಟಿದ್ದರೆ ಇನ್ನೂ ಮೇಲು.

ಮೂರು ಗಾತ್ರ ಅಥವಾ ಮೂರು ಪ್ಲ್ಯಾನ್ ಇಟ್ಟು ನಡುವಿನದರ ಬೆಲೆಯನ್ನು ದೊಡ್ಡದರ ಹತ್ತಿರಕ್ಕೆ ತಂದಿದ್ದರೆ, ಆ ನಡುವಿನದು ಮಾರಾಟಕ್ಕೆಂದು ಇಟ್ಟದ್ದಲ್ಲ, ದೊಡ್ಡದನ್ನು ಅಗ್ಗವಾಗಿ ತೋರಿಸಲು ಇಟ್ಟದ್ದು. ನಡುವಿನದನ್ನು ಮನಸ್ಸಿನಲ್ಲಿ ಅಳಿಸಿ ಮತ್ತೆ ಆರಿಸಿ. 999ರಂಥ ಬೆಲೆಗಳ ಗುಟ್ಟು ಎಡ ತುದಿಯ ಅಂಕಿಯಲ್ಲಿದೆ: 1,000ಕ್ಕೂ 999ಕ್ಕೂ ನಡುವಿನ ಒಂದು ದೊಡ್ಡದೆನಿಸುತ್ತದೆ, 960ಕ್ಕೂ 959ಕ್ಕೂ ನಡುವಿನ ಒಂದು ಅಷ್ಟಾಗಿ ಅನಿಸುವುದಿಲ್ಲ.

ಆರು: ಚಿತ್ರವನ್ನು ಫ್ರೇಮು ಫ್ರೇಮಾಗಿ ನೋಡಿ

ಸೆಕೆಂಡಿಗೆ 25 ಫ್ರೇಮುಗಳ ವಿಡಿಯೊ ಆದರೆ 30 ಸೆಕೆಂಡಿನಲ್ಲಿ 750 ಚಿತ್ರಗಳು, ಒಂದೊಂದಕ್ಕೆ 40 ಮಿಲಿಸೆಕೆಂಡ್. ಕಂಪ್ಯೂಟರಿನಲ್ಲಿ ವಿಎಲ್‌ಸಿ ಪ್ಲೇಯರ್‌ನಲ್ಲಿ ‘ಇ’ (E) ಕೀ ಒತ್ತಿದಂತೆಲ್ಲ ಒಂದೊಂದೇ ಫ್ರೇಮು ಮುಂದಕ್ಕೆ ಹೋಗುತ್ತದೆ. ಯೂಟ್ಯೂಬ್‌ನಲ್ಲಿ ನಿಲ್ಲಿಸಿ ಪೂರ್ಣವಿರಾಮದ ಕೀ ಒತ್ತಿದರೆ ಮುಂದಕ್ಕೆ, ಅಲ್ಪವಿರಾಮದ ಕೀ ಒತ್ತಿದರೆ ಹಿಂದಕ್ಕೆ. ಇದರಿಂದ ಸಿಗುವ ದೊಡ್ಡ ಲಾಭ ಮಿಂಚುವ ಅಕ್ಷರಗಳಲ್ಲ. 2000ದ ಅಮೆರಿಕ ಅಧ್ಯಕ್ಷೀಯ ಚುನಾವಣೆಯ ಜಾಹೀರಾತೊಂದರಲ್ಲಿ ‘ಬ್ಯೂರೋಕ್ರ್ಯಾಟ್ಸ್’ ಎಂಬ ಪದದ ಕೊನೆಯ ‘ರ‍್ಯಾಟ್ಸ್’, ಅಂದರೆ ಇಲಿಗಳು, ಸೆಕೆಂಡಿನ 30ರಲ್ಲಿ ಒಂದು ಭಾಗ ಒಂಟಿಯಾಗಿ ಕಾಣಿಸಿಕೊಂಡು ಗದ್ದಲವಾಗಿತ್ತು. ಅಂಥದು ಅಪರೂಪ. ನಿಮಗೆ ದಿನವೂ ಸಿಗುವುದು ಓದಲಾಗದಷ್ಟು ಬೇಗ ಹೋಗುವ ಸಣ್ಣಕ್ಷರಗಳ ಪಟ್ಟಿ: ‘ಚಿತ್ರ ಕಾಲ್ಪನಿಕ’, ‘ಷರತ್ತುಗಳು ಅನ್ವಯ’, ‘ನಿಯಮಿತ ವ್ಯಾಯಾಮದ ಜೊತೆಗೆ’. ಎಲ್ಲವನ್ನೂ ಬರೆದುಕೊಳ್ಳಿ. ಮೊದಲ ಅಂಕಣದ ಮಾತನ್ನು ಸಣ್ಣಕ್ಷರ ಎಷ್ಟರ ಮಟ್ಟಿಗೆ ಹಿಂತೆಗೆದುಕೊಳ್ಳುತ್ತದೆ ನೋಡಿ.

ಆಮೇಲೆ ಮುಖಗಳು. ರೂಪದರ್ಶಿಯ ಕಣ್ಣು ಎತ್ತ ನೋಡುತ್ತಿದೆಯೋ ನಮ್ಮ ಕಣ್ಣೂ ಅತ್ತ ಹೋಗುತ್ತದೆ. ಬಹಳ ಸಲ ಅಲ್ಲಿ ಉತ್ಪನ್ನವೋ ಹೆಸರೋ ಇರುತ್ತದೆ. ಬಿಳಿ ಕೋಟು ತೊಟ್ಟವರು ವೈದ್ಯರೆಂದು ಎಲ್ಲಿಯಾದರೂ ಹೇಳಿದ್ದಾರೆಯೇ? ‘ಮೊದಲು’ ಮತ್ತು ‘ನಂತರ’ದ ಚಿತ್ರಗಳಲ್ಲಿ ಬೆಳಕು, ನಗು, ತಲೆ ಬಾಚಿದ ರೀತಿ, ಕ್ಯಾಮೆರಾದ ಕೋನ ಒಂದೇ ಇದೆಯೇ?

ಏಳು: ವಸ್ತುವನ್ನು ಬದಲಿಸಿ ನೋಡಿ

ಜಾಹೀರಾತಿನ ಕಥೆಯನ್ನು ಹಾಗೇ ಇಟ್ಟು ವಸ್ತುವನ್ನು ಮಾತ್ರ ಬದಲಿಸಿ. ಕಾರಿನ ಜಾಗದಲ್ಲಿ ವಿಮೆ, ವಿಮೆಯ ಜಾಗದಲ್ಲಿ ಪೇಂಟು. ಕಥೆ ಆಗಲೂ ನಡೆಯುತ್ತದೆಯೆ? ಹಾಗಾದರೆ ಅದು ವಸ್ತುವಿನ ಬಗ್ಗೆ ಏನನ್ನೂ ಹೇಳಿಲ್ಲ. ಒಂದು ಹಂಬಲಕ್ಕೆ ಹೆಸರು ಅಂಟಿಸಿದೆ. 1929ರ ಈಸ್ಟರ್ ಮೆರವಣಿಗೆಯಲ್ಲಿ ನ್ಯೂಯಾರ್ಕಿನ ಬೀದಿಯಲ್ಲಿ ಯುವತಿಯರು ಸಿಗರೇಟು ಸೇದುತ್ತಾ ನಡೆಯುವಂತೆ ಪ್ರಚಾರತಜ್ಞ ಎಡ್ವರ್ಡ್ ಬರ್ನೇಸ್ ಏರ್ಪಾಡು ಮಾಡಿದ. ಪತ್ರಿಕೆಗಳಿಗೆ ಅದು ‘ಸ್ವಾತಂತ್ರ್ಯದ ಪಂಜು’. ಹಣ ಕೊಟ್ಟದ್ದು ಅಮೆರಿಕನ್ ಟೊಬ್ಯಾಕೊ ಕಂಪನಿ. ಹೆಣ್ಣುಮಕ್ಕಳ ನ್ಯಾಯವಾದ ಬೇಡಿಕೆಯೊಂದಕ್ಕೆ ಹೊಗೆಸೊಪ್ಪನ್ನು ಕಟ್ಟಿದ ಈ ಗಂಟು ಇಂದಿಗೂ ಜಾಹೀರಾತಿನ ಪಾಠದಲ್ಲಿ ಮೊದಲಿಗೆ ಬರುತ್ತದೆ.

ಇಲ್ಲಿ ಒಂದೇ ಪ್ರಶ್ನೆಗೆ ಉತ್ತರ ಬರೆಯಿರಿ: ‘ಈ ಜಾಹೀರಾತಿನ ಪ್ರಕಾರ ನನ್ನಲ್ಲಿರುವ ಕೊರತೆ ಯಾವುದು?’ ಮೈಬಣ್ಣವೋ, ಒಳ್ಳೆಯ ತಾಯಿಯಲ್ಲ ಎಂಬ ಅಳುಕೋ, ನೆರೆಯವರಿಗಿಂತ ಹಿಂದುಳಿದೆನೆಂಬ ನಾಚಿಕೆಯೋ. ಉತ್ತರ ಸಿಕ್ಕಿತೆಂದರೆ ಅಡಗಿದ ಸಂದೇಶ ಸಿಕ್ಕಿತು. ಆ ಕೊರತೆ ಜಾಹೀರಾತು ನೋಡುವ ಮೊದಲೂ ನಿಮಗಿತ್ತೇ ಎಂಬುದನ್ನೂ ಬರೆಯಿರಿ.

ಎಂಟು: ಪರದೆಯ ಮೇಲಿನ ಅವಸರವನ್ನು ಪರೀಕ್ಷಿಸಿ

ಆನ್‌ಲೈನ್‌ನಲ್ಲಿ ಸಂದೇಶ ಬಟನ್ನಿನಲ್ಲಿ, ಗಡಿಯಾರದಲ್ಲಿ ಅಡಗಿರುತ್ತದೆ. ಬಳಕೆದಾರರನ್ನು ಹೀಗೆ ಬಲೆಗೆ ಕೆಡವುವ ಪುಟವಿನ್ಯಾಸಗಳಿಗೆ ‘ಡಾರ್ಕ್ ಪ್ಯಾಟರ್ನ್’ ಎಂದು ವಿನ್ಯಾಸತಜ್ಞ ಹ್ಯಾರಿ ಬ್ರಿಗ್ನಲ್ 2010ರಲ್ಲಿ ಹೆಸರಿಟ್ಟರು. ‘ಆಫರ್ ಮುಗಿಯಲು 9 ನಿಮಿಷ’ ಎಂದಿದ್ದರೆ ಅದೇ ಪುಟವನ್ನು ಬ್ರೌಸರಿನ ಖಾಸಗಿ ಕಿಟಕಿಯಲ್ಲಿ ತೆರೆಯಿರಿ. ಗಡಿಯಾರ ಮತ್ತೆ ಮೊದಲಿನಿಂದ ಶುರುವಾದರೆ ಅದಕ್ಕೂ ಆಫರಿಗೂ ಸಂಬಂಧವಿಲ್ಲ. ‘ಎರಡೇ ಉಳಿದಿವೆ’ ಎಂದಿದ್ದರೆ ಮರುದಿನ ನೋಡಿ. ಮೊದಲೇ ಟಿಕ್ ಹಾಕಿಟ್ಟ ಚೌಕಗಳನ್ನು ಹಣ ಕಟ್ಟುವ ಮೊದಲು ಒಂದೊಂದಾಗಿ ತೆಗೆಯಿರಿ. ‘ಬೇಡ, ನನಗೆ ಉಳಿತಾಯ ಇಷ್ಟವಿಲ್ಲ’ ಎಂದು ಬರೆದ ಬಟನ್ ಕಂಡರೆ ಅದನ್ನು ಸಂಕೋಚವಿಲ್ಲದೆ ಒತ್ತಿ.

ಇನ್‌ಫ್ಲುಯೆನ್ಸರ್‌ಗಳ ವಿಡಿಯೊದಲ್ಲಿ ‘ಪಾವತಿಸಿದ ಪ್ರಚಾರ’ ಎಂಬ ಗುರುತು ಎಲ್ಲಿದೆ ಹುಡುಕಿ. ಹ್ಯಾಶ್‌ಟ್ಯಾಗ್‌ಗಳ ಗುಂಪಿನ ತುದಿಯಲ್ಲಿ, ‘ಇನ್ನಷ್ಟು’ ಒತ್ತಿದ ಮೇಲೆ ಕಾಣುವಂತೆ ಇಟ್ಟಿದ್ದರೆ ಹೇಳಿದಂತೆಯೂ ಆಯಿತು, ಮುಚ್ಚಿಟ್ಟಂತೆಯೂ ಆಯಿತು. ಸುಮಾರು ಎಂಟು ವರ್ಷದೊಳಗಿನ ಮಕ್ಕಳಿಗೆ ಜಾಹೀರಾತು ತಮ್ಮನ್ನು ಒಪ್ಪಿಸಲು ಹೊರಟಿದೆ ಎಂಬುದೇ ಸರಿಯಾಗಿ ಹೊಳೆಯುವುದಿಲ್ಲ. ಅವರಿಗೆ ಈ ಗುರುತು ಪ್ರಯೋಜನಕ್ಕೆ ಬಾರದು. ಪಕ್ಕದಲ್ಲಿ ಕೂತು ‘ಇದನ್ನು ತೋರಿಸಲು ಇವರಿಗೆ ಯಾರು ಹಣ ಕೊಟ್ಟರು?’ ಎಂದು ಕೇಳುವ ದೊಡ್ಡವರು ಬೇಕು.

ಎಡವುವ ಜಾಗಗಳು

ಮೊದಲನೆಯದು, ‘ನನ್ನ ಮೇಲೆ ಇದೆಲ್ಲ ನಡೆಯುವುದಿಲ್ಲ, ಬೇರೆಯವರು ಮೋಸ ಹೋಗುತ್ತಾರೆ’ ಎಂಬ ಭರವಸೆ. ಸಮಾಜಶಾಸ್ತ್ರಜ್ಞ ಡಬ್ಲ್ಯು. ಫಿಲಿಪ್ಸ್ ಡೇವಿಸನ್ 1983ರಲ್ಲಿ ಇದಕ್ಕೆ ‘ಮೂರನೆಯ ವ್ಯಕ್ತಿ ಪರಿಣಾಮ’ ಎಂದು ಹೆಸರು ಕೊಟ್ಟರು. ಎಲ್ಲರೂ ಹೀಗೇ ಅಂದುಕೊಂಡರೆ ಆ ಬೇರೆಯವರು ಯಾರು?

ಎರಡನೆಯದು ಇದಕ್ಕೆ ವಿರುದ್ಧ. ಎಲ್ಲೆಲ್ಲೂ ಸಂಚು ಕಾಣುವುದು. ಐಸ್ ತುಂಡಿನಲ್ಲಿ ಅಕ್ಷರ, ಮೋಡದಲ್ಲಿ ಆಕೃತಿ. ಕೊರಿಯರ್ ಕಂಪನಿ ಫೆಡೆಕ್ಸ್‌ನ ಲೋಗೊದಲ್ಲಿ ಎರಡು ಅಕ್ಷರಗಳ ನಡುವೆ ಬಾಣವೊಂದು ನಿಜಕ್ಕೂ ಇದೆ; 1994ರ ಆ ವಿನ್ಯಾಸ ಲಿಂಡನ್ ಲೀಡರ್ ಅವರದು. ಅದು ಕಲಾವಿದನ ಜಾಣ್ಮೆ. ಅದನ್ನು ಕಂಡು ಯಾರೂ ಪಾರ್ಸೆಲ್ ಕಳಿಸಲು ಓಡಿದ್ದಿಲ್ಲ. ಹಗ್ಗವನ್ನು ಹಾವೆಂದು ಹೆದರುತ್ತಾ ಕೂತರೆ ಬೆಲೆಪಟ್ಟಿಯಲ್ಲಿರುವ ನಿಜವಾದ ಹಾವು ಕಣ್ಣು ತಪ್ಪಿಸಿಕೊಳ್ಳುತ್ತದೆ.

ಮೂರನೆಯದು, ಬಿಡಿಸಿ ನೋಡಿದ್ದೇ ಸಾಕೆನ್ನುವುದು. ಪದೇ ಪದೇ ಕಂಡದ್ದು ಇಷ್ಟವಾಗತೊಡಗುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಜಾಯೊಂಕ್ 1968ರಲ್ಲಿ ತೋರಿಸಿದ್ದು ತಿಳಿದವರಿಗೂ ಅನ್ವಯಿಸುತ್ತದೆ. ಆದ್ದರಿಂದ ಕೊಳ್ಳುವ ಮೊದಲು ಒಂದು ರಾತ್ರಿ, ದೊಡ್ಡ ಖರ್ಚಾದರೆ ಒಂದು ವಾರ ತಡೆಯಿರಿ. ಬೇಕಾದ ವಸ್ತುವಿನ ಗುಣಗಳನ್ನು ಜಾಹೀರಾತು ನೋಡುವ ಮೊದಲೇ ಐದು ಸಾಲಿನಲ್ಲಿ ಬರೆದಿಟ್ಟು, ಆ ಪಟ್ಟಿಯನ್ನೇ ಅಂಗಡಿಗೆ ಒಯ್ಯಿರಿ.

ಜಾಹೀರಾತು ನಿಜಕ್ಕೂ ದಾರಿ ತಪ್ಪಿಸುವಂತಿದ್ದು ದೂರು ಕೊಡುವುದಾದರೆ ಸ್ಕ್ರೀನ್‌ಶಾಟ್ ಅಥವಾ ರೆಕಾರ್ಡಿಂಗ್, ದಿನಾಂಕ, ಹೊತ್ತು, ಎಲ್ಲಿ ಕಂಡಿತು ಎಂಬ ವಿವರ, ಸಣ್ಣಕ್ಷರದ ಪ್ರತಿ, ಬಿಲ್ಲು ಇವನ್ನೆಲ್ಲ ಕೂಡಿಡಿ. ಜೊತೆಗೆ ಮೊದಲ ಹಂತದಲ್ಲಿ ಬರೆದ ಮೂರನೆಯ ಅಂಕಣವನ್ನೂ ದೂರಿಗೆ ಸೇರಿಸಿ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನಂಥ ಸಂಸ್ಥೆಗಳು ತೂಗುವುದು ಬಿಡಿ ಪದಗಳನ್ನಷ್ಟೇ ಅಲ್ಲ, ಒಟ್ಟು ಜಾಹೀರಾತಿನಿಂದ ಸಾಮಾನ್ಯ ಗ್ರಾಹಕನಿಗೆ ಏನು ಅನಿಸುತ್ತದೆ ಎಂಬುದನ್ನು. ‘ಅವರು ಹೀಗೆ ಹೇಳಿದರು’ ಎಂದಷ್ಟೇ ಬರೆದ ದೂರಿಗೆ ‘ನಾವು ಹಾಗೆ ಹೇಳಲೇ ಇಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ನೋಡಿದಾಗ ನನಗೆ ಹೀಗೆ ಅರ್ಥವಾಯಿತು, ಹಾಗೆ ಅರ್ಥವಾಗಲು ಕಾರಣ ಈ ದೃಶ್ಯ ಮತ್ತು ಈ ಪದ’ ಎಂದು ಬರೆದರೆ ಆ ಉತ್ತರ ಸಾಲದು.